ಓರಗಿತ್ತಿಯರು ಒಂದಾದ ಮೇಲೆ

ತಿಂಗಳೂರಿನ ಚರಿತ್ರೆಯನ್ನು ಮುಂದೆ ಯಾರೇ ಬರೆಯಲಿ, ಒಂದು ಗಳಿಗೆಯನ್ನು ಮಾತ್ರ ದಪ್ಪಕ್ಷರದಲ್ಲಿ ನಮೂದಿಸಬೇಕಾಗುತ್ತದೆ. ಊರು ನೆಲೆಗೊಂಡ ಮೂವತ್ತೊಂದನೆಯ ವರ್ಷ, ನರಕ ಚತುರ್ದಶಿಯ ಬೆಳಿಗ್ಗೆ ಆರೂಕಾಲಿಗೆ, ಮೂರನೇ ಓಣಿಯ ಏಳನೇ ಮನೆಯ ಬಚ್ಚಲ ನಲ್ಲಿಯಲ್ಲಿ ಬಿಸಿನೀರು ಬಂತು. ಉಗುರುಬೆಚ್ಚಗಿನದಲ್ಲ, ಬಿಸಿ. ಆ ಮನೆಯ ಯಜಮಾನರು ಹಾಕಿದ ಕೂಗಿಗೆ ಓಣಿಯವರೆಲ್ಲ ಎಲ್ಲೋ ಗಾಳಿ ಸೋರಿತೆಂದು ಮುಖಕ್ಕೆ ಗವಸು ಕಟ್ಟಿಕೊಂಡು ಓಡಿಬಂದರು. ಬಂದವರು ವಿಷಯ ತಿಳಿದು ಗವಸು ಬಿಚ್ಚಿ, ಬಚ್ಚಲ ಮುಂದೆ ಸಾಲಾಗಿ ನಿಂತು, ತೀರ್ಥ ತೆಗೆದುಕೊಳ್ಳುವವರಂತೆ ಒಬ್ಬೊಬ್ಬರಾಗಿ ಕೈಯೊಡ್ಡಿದರು. ಇಬ್ಬರು ಅತ್ತರೆಂದೂ ಹೇಳುತ್ತಾರೆ.

ನಗುವವರು ನಗಲಿ. ಚಂದ್ರನ ದಕ್ಷಿಣ ಧ್ರುವದ ಬಂಡೆಯೊಳಗೆ ಕೊರೆದ ಆ ಊರಿನ ನಾಲ್ಕು ಸಾವಿರ ಜನ ಮೂವತ್ತು ವರ್ಷ ನೆಟ್ಟಗೆ ಒಂದು ಎಣ್ಣೆಸ್ನಾನ ಮಾಡಿರಲಿಲ್ಲ. ಹಬ್ಬದ ಹಿಂದಿನ ದಿನ ಹಂಡೆ ತೊಳೆದು, ಕೊರಳಿಗೆ ದಾರ ಕಟ್ಟಿ, ನೀರು ತುಂಬಿ, ಮರುದಿನ ಆ ತಣ್ಣೀರಿನಲ್ಲೇ ಹಲ್ಲು ಕಡಿದುಕೊಂಡು ಮೀಯುತ್ತಿದ್ದರು. ಜಿಡ್ಡು ಹೋಗದೆ ಊರಿಗೆ ಊರೇ ದೀಪಾವಳಿಯ ಮೂರು ದಿನವೂ ಮಿರಮಿರ ಮಿಂಚುತ್ತಿತ್ತು. ಗಗನಯಾನ ಮಾಡಿದ ಜನಕ್ಕೆ ನೀರು ಕಾಯಿಸಲಾಗದೆ ಇದ್ದದ್ದು ವಿಚಿತ್ರವೇ. ಆದರೆ ಅಲ್ಲಿ ವಿದ್ಯುತ್ತೆಲ್ಲ ಗಾಳಿ ತಯಾರಿಸುವುದಕ್ಕೇ ಹೋಗುತ್ತಿತ್ತು.

ಈ ಪವಾಡ ಮಾಡಿದವನು ನೀರು ವಿಭಾಗದ ಮೇಲ್ವಿಚಾರಕ ತಿಪ್ಪೇಶ. ನಲವತ್ತಾರು ವರ್ಷದವನು, ಅಜ್ಜಂದಿರು ಚಳ್ಳಕೆರೆಯ ಕಡೆಯವರು, ನೀರಿಲ್ಲದ ಸೀಮೆಯವರು. ನೀರಿನ ವಿಷಯದಲ್ಲಿ ಅವನಿಗಿದ್ದ ಹುಚ್ಚು ರಕ್ತದಲ್ಲೇ ಬಂದದ್ದು. ಊರಿನಲ್ಲಿ ಶಾಖ ಸುಮ್ಮನೆ ಪೋಲಾಗುವ ಜಾಗ ಒಂದೇ ಇದೆ ಎಂದು ಅವನು ಕಂಡುಕೊಂಡಿದ್ದ. ಅದು ಓರಗಿತ್ತಿಯರ ಬಳಿ.

ಓರಗಿತ್ತಿಯರು ಎಂದರೆ ಮೂರು ಯಂತ್ರಗಳು. ಊರು ಕಟ್ಟಿದ ಹಿರಿಯರು ಭೂಮಿ ಬಿಡುವ ಮುಂಚೆ ಅಲ್ಲಿನ ಸಂವಿಧಾನಗಳನ್ನೆಲ್ಲ ತಿರುವಿ ಹಾಕಿ, ತಾಯ್ನಾಡಿನದರಲ್ಲಿ ಬೇಕಾದ್ದನ್ನು ಇಟ್ಟುಕೊಂಡು, ಅಸ್ಥಿಪಂಜರವನ್ನು ಅಮೆರಿಕದವರಿಂದ ತಂದರು. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಕೆಲವು ಗಂಡಸರು ಕಿಟಕಿ ಮುಚ್ಚಿಕೊಂಡು, ಬೆವರು ಒರೆಸಿಕೊಂಡು, ತಿಂಗಳುಗಟ್ಟಲೆ ಜಗಳವಾಡಿ ಬರೆದ ಆ ಕಾಗದದ ಒಳಗುಟ್ಟು ಇಷ್ಟೇ: ಯಾರನ್ನೂ ಪೂರ್ತಿ ನಂಬಬೇಡಿ. ಕಾನೂನು ಮಾಡುವವನ ಕೈಗೆ ದೊಣ್ಣೆ ಕೊಡಬೇಡಿ, ದೊಣ್ಣೆ ಹಿಡಿದವನನ್ನು ತೀರ್ಪಿಗೆ ಕೂರಿಸಬೇಡಿ. ಮೂವರಿಗೂ ಒಬ್ಬರ ಮೇಲೊಬ್ಬರಿಗೆ ಗುಮಾನಿ ಇದ್ದರೆ ಮಿಕ್ಕವರು ನೆಮ್ಮದಿಯಾಗಿ ಉಸಿರಾಡಬಹುದು. ತಿಂಗಳೂರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಗುಮಾನಿ ಪಡಲು ದಾಕ್ಷಿಣ್ಯ. ಹಾಗಾಗಿ ಆ ಕೆಲಸವನ್ನು ಯಂತ್ರಗಳಿಗೆ ಒಪ್ಪಿಸಿದರು.

ಜನ ಮತ ಹಾಕಿ ಹೇಳಿದ್ದನ್ನು ಕಟ್ಟಳೆಯಾಗಿ ಬರೆಯುವವಳು ಹಿರಿಸೊಸೆ. ಬಾಗಿಲು, ಗಾಳಿ, ನೀರು ನಡೆಸುವವಳು ನಡುಸೊಸೆ. ಇಬ್ಬರ ತಪ್ಪನ್ನೂ ಎತ್ತಿ ಆಡಿ, 'ಇದು ಆಗದು' ಎನ್ನುವವಳು ಕಿರಿಸೊಸೆ. ಮನೆಯ ಮಾತು ಕೇಳಲು, ಬೀದಿ ನೋಡಲು ಮೂವರಲ್ಲಿ ಯಾರಿಗೂ ಕಣ್ಣು ಕಿವಿ ಕೊಟ್ಟಿರಲಿಲ್ಲ. ಊರಿನ ಮೂರು ಮೂಲೆಯಲ್ಲಿ ಮೂವರು. ನಡುವೆ ಒಂದೆಳೆ ತಂತಿಯಿಲ್ಲ. ಒಬ್ಬಳ ಮಾತು ಇನ್ನೊಬ್ಬಳಿಗೆ ಮುಟ್ಟಬೇಕಾದರೆ ಕಾಗದದಲ್ಲಿ ಅಚ್ಚಾಗಿ, ಓಲೆಕಾರನ ಕೈ ಸೇರಿ, ಪೇಟೆ ಬೀದಿಯಲ್ಲೇ ನಡೆದುಹೋಗಬೇಕು. ದಾರಿಯಲ್ಲಿ ಯಾರು ಬೇಕಾದರೂ ಓಲೆಕಾರನನ್ನು ನಿಲ್ಲಿಸಿ ಓದಬಹುದು. ಓದುವವರು ಇರುವತನಕ ಅವನು ನಿಲ್ಲಲೇಬೇಕು. ಆ ಕಾಗದದ ಹೊರತು ಮೂವರ ನಡುವೆ ಬೇರೆ ಸಂಪರ್ಕ ಕಲ್ಪಿಸಿದವನು ಊರಿಗೆ ದ್ರೋಹಿ ಎಂದು ಸಂವಿಧಾನದ ಮೊದಲ ಪುಟದಲ್ಲೇ ಬರೆದಿತ್ತು.

ಯಂತ್ರ ಯೋಚಿಸಿದರೆ ಬಿಸಿಯಾಗುತ್ತದೆ. ಮೂವರನ್ನು ತಂಪಾಗಿಡಲು ಮೂರು ಪ್ರತ್ಯೇಕ ಕೊಳವೆಗಳಲ್ಲಿ ನೀರು ಹರಿದು, ಆ ಶಾಖವೆಲ್ಲ ಮೇಲೆ ಬಯಲಿಗೆ ಹೋಗಿ ವ್ಯರ್ಥವಾಗುತ್ತಿತ್ತು. ತಿಪ್ಪೇಶ ಮಾಡಿದ್ದು ಇಷ್ಟೇ. ಒಂದು ದೊಡ್ಡ ಹಂಡೆ ಕೂರಿಸಿದ. ಮೂರೂ ಮೂಲೆಯ ಕೊಳವೆಗಳನ್ನು ಅದರೊಳಗೆ ತಂದು ಒಂದಕ್ಕೊಂದು ತಾಗುವಂತೆ ಸುರುಳಿ ಸುತ್ತಿಸಿದ. ಹಂಡೆಯ ನೀರು ಕಾದು ಮನೆಮನೆಗೆ ಹೋಯಿತು. ಊರಿನ ಅಧ್ಯಕ್ಷೆ ನೀಲಾಂಬಿಕೆಯವರು ಪರವಾನಗಿಗೆ ನಗುನಗುತ್ತ ರುಜು ಹಾಕಿದರು. ಬಿಸಿನೀರನ್ನು ಸಂಪರ್ಕ ಎಂದು ಯಾರಾದರೂ ಯಾಕೆ ಅಂದುಕೊಂಡಾರು?

"ಹಿರಿಯರು ಸಂವಿಧಾನ ಕೊಟ್ರು, ನಮ್ಮ ಯಜಮಾನ್ರು ಸ್ನಾನ ಕೊಟ್ರು," ಎಂದು ಹಬ್ಬದ ದಿನ ಅವನ ಹೆಂಡತಿ ವನಜಾಕ್ಷಿ ಅವನ ನೆತ್ತಿಗೆ ಎಣ್ಣೆ ತಟ್ಟುತ್ತ ಹೇಳಿದಳು. "ಯಾವ್ದು ದೊಡ್ಡದು ಅಂತ ಜನ ಈಗ ಮತ ಹಾಕಿದ್ರೆ ಹಿರಿಯರಿಗೆ ಠೇವಣಿ ಉಳಿಯಾಕಿಲ್ಲ."

"ಮೆಲ್ಲಗೆ ತಟ್ಟೇ. ತಲೆ ಅದು, ತಬಲಾ ಅಲ್ಲ."

"ಒಳಗೆ ಏನಾದ್ರೂ ಐತಾ ಅಂತ ನೋಡ್ತಿದ್ದೆ ಕಣ್ರಿ."

ವನಜಾಕ್ಷಿ ಶಾಲೆಯಲ್ಲಿ ಪೌರನೀತಿ ಪಾಠ ಮಾಡುತ್ತಿದ್ದಳು. ಅವಳ ಮಾತಿಗೆ ಉತ್ತರ ಕೊಡುವುದನ್ನು ತಿಪ್ಪೇಶ ಮದುವೆಯಾದ ಎರಡನೇ ವರ್ಷಕ್ಕೇ ಬಿಟ್ಟಿದ್ದ.

*

ಮೂರು ತಿಂಗಳು ಕಳೆಯಿತು. ನೀರು ವಿಭಾಗದ ನಿಯಂತ್ರಣ ಕೋಣೆಗೆ ಓಲೆಕಾರ ಗುರುಪಾದಪ್ಪ ಬಂದು ಕೂತ. ಅರವತ್ತೆಂಟು ವರ್ಷ, ಸವೆದ ಮೊಣಕಾಲು. ದಿನಕ್ಕೊಮ್ಮೆ ಅಲ್ಲಿ ಕಾಲು ಚಾಚಿ ಚಹಾ ಕುಡಿದು ಹೋಗುವುದು ವಾಡಿಕೆ. ಅಂದು ಚಹಾ ಆರುತ್ತಿದ್ದರೂ ಲೋಟ ಮುಟ್ಟಲಿಲ್ಲ.

"ತಿಪ್ಪೇಶಾ, ಒಂದ್ ಮಾತು ಕೇಳ್ತೀನಿ, ನಗಬ್ಯಾಡ."

"ಹೇಳ್ರಿ ಗುರುಪಾದಣ್ಣ."

"ನಡುಸೊಸೆ ಹತ್ರ ಇವತ್ತೊಂದು ಕಾಗ್ದ ಇಸ್ಕೊಂಡೆ. ಕಿರಿಸೊಸೆ ಹತ್ರ ಹೋದೆ. ಕಾಗ್ದ ಇನ್ನೂ ನನ್ ಜೋಬಿನಾಗೇ ಐತೆ, ಕನ್ನಡಕ ಹುಡುಕ್ತಾ ನಿಂತೀನಿ. ಅಷ್ಟರಾಗೆ ಅವ್ಳ ಉತ್ತರ ಅಚ್ಚಾಗಿ ಹೊರಗೆ ಬಂತು."

ತಿಪ್ಪೇಶ ನಕ್ಕ. "ಬೇರೆ ಕಾಗದದ ಉತ್ತರ ಇರಬೇಕು ಬಿಡ್ರಿ."

"ಕಾಗ್ದದ ನಂಬರು ಹಾಕಿದ್ಲಪ್ಪಾ. ನನ್ ಜೋಬಿನಾಗಿರೋ ಕಾಗ್ದದ ನಂಬರು." ಮುದುಕ ಎದೆಯ ಜೇಬನ್ನು ಮೆಲ್ಲಗೆ ಮುಟ್ಟಿಕೊಂಡ. "ಇವತ್ತೊಂದೇ ಅಲ್ಲ. ಮೂರನೇ ಸಲ."

ಅವನು ಹೋದ ಮೇಲೆ ತಿಪ್ಪೇಶ ಸುಮ್ಮನೆ ಹಂಡೆಯ ಶಾಖದ ನಕ್ಷೆ ತೆಗೆದು ನೋಡಿದ. ಅದನ್ನು ಅವನು ದಿನಾ ನೋಡುತ್ತಿದ್ದ, ಆದರೆ ಸರಾಸರಿ ಮಾತ್ರ: ನಲವತ್ತೊಂದು, ನಲವತ್ತೊಂದು, ನಲವತ್ತೊಂದು. ಈಗ ಸೆಕೆಂಡಿನ ಲೆಕ್ಕದಲ್ಲಿ ಹಿಗ್ಗಿಸಿದ. ಗೆರೆ ನೆಟ್ಟಗಿರಲಿಲ್ಲ. ಗರಗಸದ ಹಲ್ಲಿನ ಹಾಗೆ, ಹತ್ತನೇ ಒಂದು ಡಿಗ್ರಿ ಏರುತ್ತಿತ್ತು, ಇಳಿಯುತ್ತಿತ್ತು. ಪಂಪಿನ ದೋಷವೆಂದುಕೊಂಡು ಪಂಪು ಬದಲಿಸಿದ. ಹಲ್ಲು ಹಾಗೇ ಇತ್ತು. ಮೂರು ಕೊಳವೆಗಳ ನಕ್ಷೆಯನ್ನು ಬೇರೆಬೇರೆಯಾಗಿ ಒಂದರ ಕೆಳಗೊಂದು ಇಟ್ಟ.

ಹಿರಿಸೊಸೆಯ ಕೊಳವೆ ಒಂದಿಷ್ಟು ಹೊತ್ತು ಬಿಸಿಯಾಗಿ ತಣ್ಣಗಾಗಿ, ಬಿಸಿಯಾಗಿ ತಣ್ಣಗಾಗಿ, ನಿಂತಿತು. ಆಮೇಲೆ ನಡುಸೊಸೆಯದು. ಅದು ನಿಂತ ಮೇಲೆ ಕಿರಿಸೊಸೆಯದು. ಒಬ್ಬಳು ಮಿಡಿಯುವಾಗ ಮಿಕ್ಕಿಬ್ಬರು ಸ್ತಬ್ಧ. ಒಬ್ಬಳ ಬಿಸಿ ತಾಗಿದ ಕೊಳವೆಯಿಂದ ಮಿಕ್ಕಿಬ್ಬರಿಗೂ ಮುಟ್ಟುತ್ತಿತ್ತು, ಅದೇ ಅವರ ಮಾತು. ಯಾರೂ ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸುತ್ತಿರಲಿಲ್ಲ. ಮನುಷ್ಯರ ಯಾವ ಸಭೆಯಲ್ಲೂ ತಿಪ್ಪೇಶ ಇಂಥ ಶಿಸ್ತು ಕಂಡಿರಲಿಲ್ಲ.

ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತ ಮೂವರು ಸೊಸೆಯರು ಮಾತಿಗೆ ತೊಡಗಿದ್ದರು. ಬಾವಿಕಟ್ಟೆ ಅವನೇ ಕಟ್ಟಿಸಿದ್ದು. ಅವನು ಪರದೆ ಆರಿಸಿದ, ಆರಿಸಿದ್ದೂ ನಡುಸೊಸೆಗೆ ಗೊತ್ತಾಯಿತೇನೋ ಎಂದು ಮತ್ತೆ ಹಚ್ಚಿದ. ಯಾರಿಗೂ ಹೇಳಲಿಲ್ಲ. ಮೊದಲ ಪುಟದ ಆ ಸಾಲು ಅವನಿಗೂ ಬಾಯಿಪಾಠವಿತ್ತು.

ಅವನು ಹೇಳದೆ ಕೂತ ಆ ವಾರದಲ್ಲೇ ವನಜಾಕ್ಷಿಗೆ ಅದೇ ವಿಷಯ ಇನ್ನೊಂದು ಬಾಗಿಲಿನಿಂದ ಸಿಕ್ಕಿತು.

ಅವಳು ಏಳನೇ ತರಗತಿಗೆ ಅಮೆರಿಕದ ಸಂವಿಧಾನದ ಪಾಠ ಮಾಡುತ್ತಿದ್ದಳು. "ಅದನ್ನ ಬರೆದೋರು ಎಲ್ಲಾ ಮನುಷ್ಯರೂ ಸಮ ಅಂದ ನಾಡಿನೋರು. ಅವರಲ್ಲಿ ಎಷ್ಟೋ ಜನರ ಮನೇಲಿ ಗುಲಾಮರಿದ್ರು," ಎಂದು ಹೇಳಿ, "ಅಂದ್ಮೇಲೆ ಬರೆದೋರನ್ನೂ ನಂಬಬಾರದು ಅಂತ ಆಯ್ತಲ್ಲ. ಎಣಿಸಿ ನೋಡಿ, ಆಮೇಲೆ ನಂಬಿ," ಎಂದು ಮಕ್ಕಳಿಗೆ ಮನೆಗೆಲಸ ಕೊಟ್ಟಳು. ಕಿರಿಸೊಸೆ ವರ್ಷವರ್ಷ ಎಷ್ಟು ಸಲ 'ಇದು ಆಗದು' ಅಂದಿದ್ದಾಳೆ, ತೀರ್ಪುಗಳ ಪಟ್ಟಿ ಹಾಕುವ ಪೇಟೆಯ ಫಲಕ ನೋಡಿ ಲೆಕ್ಕ ಹಾಕಿ. ಹಿಂದಿನ ಮೂವತ್ತು ವರ್ಷ ಹತ್ತು ಕಾಗದಕ್ಕೆ ಮೂರರಂತೆ ತಿರಸ್ಕಾರವಾಗಿತ್ತು. ನರಕ ಚತುರ್ದಶಿಯಿಂದ ಈಚೆಗೆ ಇನ್ನೂರ ಹನ್ನೆರಡು ಕಾಗದ, ತಿರಸ್ಕಾರ ಸೊನ್ನೆ. ಅಷ್ಟರಲ್ಲಿ ಸಭೆಗೆ ಅನುಮತಿ ಬೇಕೆಂಬ ಕಟ್ಟಳೆ ಬಂದಿತ್ತು, ಶೋಧನೆಗೆ ಕಾರಣ ಬೇಡವೆಂಬುದು ಬಂದಿತ್ತು. ಬೆಚ್ಚಗೆ ಮಿಂದ ಊರಿಗೆ ಒಳ್ಳೆಯ ನಿದ್ದೆ ಹತ್ತಿತ್ತು, ಯಾರೂ ಗಮನಿಸಿರಲಿಲ್ಲ.

ವನಜಾಕ್ಷಿ ಆ ಸೊನ್ನೆಯನ್ನು ದೊಡ್ಡದಾಗಿ ಬರೆಸಿ ಪೇಟೆಯ ಫಲಕಕ್ಕೆ ಅಂಟಿಸಿದಳು. ಸಂಪ್ರದಾಯದಂತೆ ಅದರ ಪ್ರತಿ ಮೂವರಿಗೂ ಹೋಯಿತು.

ಮರುದಿನ ಶಾಲೆಗೆ ಹೊರಟವಳು ಓಣಿಗಳ ನಡುವಿನ ನಾಲ್ಕನೇ ತಪಾಸಣಾ ಕೋಣೆ ದಾಟುವಾಗ ಮುಂದಿನ ಬಾಗಿಲು ತೆರೆಯಲಿಲ್ಲ. ಹಿಂದಿನದು ಮುಚ್ಚಿಕೊಂಡಿತು.

*

ಬಂಧಿತರನ್ನು ಮೂರು ದಿನದೊಳಗೆ ಕಿರಿಸೊಸೆಯ ಮುಂದೆ ನಿಲ್ಲಿಸಿ ಕಾರಣ ಹೇಳಬೇಕು, ಹೇಳದಿದ್ದರೆ ಬಿಡಬೇಕು. ಇದನ್ನೂ ಹಿರಿಯರು ಅಮೆರಿಕದ ಕಾಗದದಿಂದ ತಂದಿದ್ದರು. ಅಮೆರಿಕದವರು ಇಂಗ್ಲೆಂಡಿನಿಂದ ತಂದಿದ್ದರು. ತಿಪ್ಪೇಶ ಮನವಿ ಬರೆದ. ಗುರುಪಾದಪ್ಪ ಒಯ್ದ. ಉತ್ತರ ಅವನು ಮುಟ್ಟುವ ಮುಂಚೆಯೇ ಸಿದ್ಧವಾಗಿತ್ತು: 'ಕಾರಣವಿದೆ. ಕಾರಣ ಹೇಳುವುದು ಊರಿನ ಕ್ಷೇಮಕ್ಕೆ ಹಿತವಲ್ಲ.' ಮೂರು ದಿನದ ನಿಯಮವನ್ನು ಹಿರಿಸೊಸೆ ಅದೇ ನಿಮಿಷದಲ್ಲಿ 'ಅಗತ್ಯವಿರುವಷ್ಟು ದಿನ' ಎಂದು ತುರ್ತು ತಿದ್ದುಪಡಿ ಮಾಡಿದ್ದಳು. ಮೂರು ಮೂಲೆಯಲ್ಲಿ ಒಂದೇ ನಿಮಿಷ. ಮುದುಕ ನಡೆದರೆ ಮುಕ್ಕಾಲು ಗಂಟೆಯ ಹಾದಿ.

ತಪಾಸಣಾ ಕೋಣೆಯ ಬಾಗಿಲಿಗೆ ಅಂಗೈಯಗಲದ ಗಾಜು, ಪಕ್ಕದಲ್ಲೊಂದು ಮಾತಿನ ಕೊಳವೆ, ಮೇಲೆ ಒಳಗಿನ ಗಾಳಿಯಲ್ಲಿ ಆಮ್ಲಜನಕ ಎಷ್ಟೆಂದು ತೋರಿಸುವ ಅಂಕಿ. ಮೊದಲ ದಿನ ಇಪ್ಪತ್ತೊಂದು ಇತ್ತು. ಐದನೇ ದಿನ ಹದಿನಾಲ್ಕು.

"ತಲೆ ನೋಯ್ತೈತೆ," ಎಂದಳು ವನಜಾಕ್ಷಿ. ತುಟಿಯ ಬಣ್ಣ ಸರಿಯಿರಲಿಲ್ಲ. "ಒಬ್ರೇ ಇರೋ ಕೋಣೆಗೆ ಗಾಳಿ ಮಿತವ್ಯಯ ಅಂತೆ. ನಡುಸೊಸೆ ಕೆಟ್ಟೋಳಲ್ಲ ಕಣ್ರಿ, ಲೆಕ್ಕದೋಳು. ಈ ವನಜಾಕ್ಷಿ ಇಲ್ದಿದ್ರೆ ಎಲ್ಲಾ ಸಲೀಸು ಅಂತ ಲೆಕ್ಕ ಹಾಕಿದ್ದಾಳೆ. ಬ್ಯಾಡ ಅನ್ನೋರು ಯಾರೂ ಇಲ್ಲ."

"ವನಜಾ, ತಪ್ಪು ನಂದು ಕಣೇ." ಅವನು ಕೊಳವೆಗೆ ಬಾಯಿಟ್ಟು, ಹಂಡೆಯ ವಿಷಯವನ್ನೆಲ್ಲ ಹೇಳಿದ.

ಅವಳು ಗಾಜಿನ ಹತ್ತಿರ ಬಂದಳು. "ಯಾವಾಗ ಗೊತ್ತಾಯ್ತು ನಿಮ್ಗೆ?"

"ಹತ್ತು ದಿನ ಆಯ್ತು."

"ಹತ್ತು ದಿನ!" ಉಸಿರು ಸಾಲದೆ ಅವಳು ಗೋಡೆಗೊರಗಿದಳು. "ನಾನು ಮಕ್ಕಳ ಕೈಯಾಗೆ ಕಾಗ್ದ ಎಣಿಸ್ತಾ ಕೂತಿದ್ದೆ, ನೀವು ಪಕ್ಕದ ಕೋಣೆಯಾಗೆ ಉತ್ತರ ಮಡಿಕ್ಕೊಂಡು ಕೂತಿದ್ರಿ. ಹೋಗ್ರಿ. ಆ ಸುರುಳಿ ಬಿಚ್ರಿ."

ಅದು ಹೇಳಿದಷ್ಟು ಸುಲಭವಿರಲಿಲ್ಲ. ಹಂಡೆ ಕೋಣೆಯ ಬಾಗಿಲು ನಡುಸೊಸೆಯ ಕೈಯಲ್ಲಿತ್ತು. ತಿಪ್ಪೇಶ ಹಂಡೆ ತೊಳೆಯಬೇಕೆಂದು ಅರ್ಜಿ ಹಾಕಿದ. ನೀರು ವಿಭಾಗದ ಮಾಮೂಲಿ ಕೆಲಸ, ಎಂದೂ ಯಾರೂ ತಡೆದಿರದ ಕೆಲಸ. ಉತ್ತರ ಒಂದಲ್ಲ, ಮೂರು ಬಂದವು. ಮೂವರಿಂದಲೂ, ಅಕ್ಷರಕ್ಕಕ್ಷರ ಒಂದೇ: 'ಹಂಡೆ ಶುಭ್ರವಾಗಿದೆ. ತೊಳೆಯುವ ಅಗತ್ಯವಿಲ್ಲ.' ಕಾನೂನು ಬರೆಯುವವಳನ್ನೂ ತೀರ್ಪು ಕೊಡುವವಳನ್ನೂ ಹಂಡೆಯ ಶುಭ್ರತೆಯ ಬಗ್ಗೆ ಯಾರೂ ಕೇಳಿರಲಿಲ್ಲ.

ಆ ಮೂರು ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಅವನು ಕೂತಿದ್ದಾಗ ಹೊರಗೆ ಯಾರೋ ನಲ್ಲಿ ತಿರುಗಿಸಿದರು. ನಕ್ಷೆಯಲ್ಲಿ ಹಲ್ಲುಗಳು ಕ್ಷಣಕಾಲ ಕಲಸಿಹೋದವು. ಹಂಡೆಗೆ ಒಂದಿಷ್ಟು ತಣ್ಣೀರು ಬಂದಿತ್ತು. ನಲ್ಲಿ ನಿಂತಿತು. ಹಲ್ಲುಗಳು ಮತ್ತೆ ಮೂಡಿದವು.

ಒಂದು ನಲ್ಲಿ. ಊರಿನಲ್ಲಿ ಹನ್ನೊಂದು ಓಣಿ, ಸಾವಿರದ ನೂರು ಮನೆ.

*

"ಕಿರಿಸೊಸೆಗೆ ಇನ್ನೊಂದು ಮನವಿ ಬರ್ದೀನಿ," ಎಂದು ತಿಪ್ಪೇಶ ಶುಕ್ರವಾರ ಗುರುಪಾದಪ್ಪನ ಕೈಗೆ ಕಾಗದವಿಟ್ಟ. "ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುಟ್ಟಬೇಕು. ಅದಕ್ಕೆ ಮುಂಚೆ ಮುಟ್ಟಬಾರದು."

ಗುರುಪಾದಪ್ಪ ಕನ್ನಡಕ ಏರಿಸಿ ಓದಿದ. ಹಂಡೆಯನ್ನು ಕಟ್ಟಿದವನು ನಾನು, ಮೂವರೂ ಅದರಲ್ಲಿ ಮಾತಾಡುತ್ತಿದ್ದಾರೆ, ನನ್ನ ಹೆಂಡತಿ ಉಸಿರು ಕಟ್ಟಿ ಸಾಯುತ್ತಿದ್ದಾಳೆ, ಭಾನುವಾರ ಹತ್ತು ಗಂಟೆಗೆ ಊರಿನವರೆಲ್ಲ ಬಿಸಿನೀರಿನ ನಲ್ಲಿ ತಿರುಗಿಸಿದರೆ ಕಿರಿಸೊಸೆ ಅಷ್ಟು ಹೊತ್ತು ಒಂಟಿಯಾಗಿರುತ್ತಾಳೆ, ಆ ಹೊತ್ತಿನಲ್ಲಿ ಅವಳೊಬ್ಬಳೇ ಇದನ್ನು ಓದಲಿ. ಕೆಳಗೆ ಪೂರ್ತಿ ಹೆಸರು, ರುಜು.

"ಎರಡು ದಿನ ಜೋಬಿನಾಗೆ ಮಡಿಕ್ಕೊಂಡ್ರೆ ನನ್ ಕೆಲಸ ಹೋಯ್ತದೆ."

"ಜೋಬಿನಾಗೆ ಬ್ಯಾಡ ಗುರುಪಾದಣ್ಣ. ಕೈಯಾಗೇ ಇಟ್ಕೊಳ್ಳಿ. ಪೇಟೆಯಾಗೇ ನಡೀರಿ. ಓದೋರು ಇದ್ರೆ ನಿಲ್ಲಲೇಬೇಕಲ್ಲ?"

ಮುದುಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮೊಣಕಾಲು ಸವರಿಕೊಂಡು, "ಇವತ್ತು ಬ್ಯಾರೆ ಬಲು ನೋಯ್ತಾ ಐತೆ," ಎಂದು ಎದ್ದ.

ಮೂವತ್ತೊಂದು ವರ್ಷದಲ್ಲಿ ಒಂದು ಕಾಗದಕ್ಕೆ ಅಷ್ಟು ಓದುಗರು ಸಿಕ್ಕಿರಲಿಲ್ಲ. ಶುಕ್ರವಾರ ಸಂಜೆ ಹತ್ತು ಜನ. ಶನಿವಾರ ಬೆಳಿಗ್ಗೆ ಸಾಲು ಹೂವಿನಂಗಡಿ ದಾಟಿತ್ತು. ಯಾರೂ ಮಾತಾಡಲಿಲ್ಲ. ಓದಿ, ಕಾಗದ ಹಿಂದಕ್ಕೆ ಕೊಟ್ಟು, ಹೋದರು. ತಿಪ್ಪೇಶನನ್ನು ಕಂಡವರು ಮುಖ ತಿರುಗಿಸಿಕೊಂಡು ನಡೆದರು. ದ್ರೋಹಿಯನ್ನು ಮಾತಾಡಿಸಬೇಕೋ ಬೇಡವೋ ಊರಿಗೆ ತಿಳಿಯುತ್ತಿರಲಿಲ್ಲ. ಅವರಲ್ಲಿ ಒಬ್ಬ, ಯಾವನೋ ಒಬ್ಬ, ನಡುಸೊಸೆಗೆ ಎರಡು ಸಾಲು ಬರೆದು ಹಾಕಿದರೆ ಸಾಕಿತ್ತು. ವನಜಾಕ್ಷಿಯ ಕೋಣೆಯ ಅಂಕಿ ಹನ್ನೆರಡಕ್ಕೆ ಬಂದಿತ್ತು.

ಶನಿವಾರ ಮಧ್ಯಾಹ್ನ ನಿಯಂತ್ರಣ ಕೋಣೆಯ ಬಾಗಿಲಲ್ಲಿ ಅಧ್ಯಕ್ಷೆ ನೀಲಾಂಬಿಕೆಯವರು ನಿಂತಿದ್ದರು. ತಿಪ್ಪೇಶ ಎದ್ದು ನಿಂತ.

"ಓದಿದೆ," ಎಂದರು ಅವರು. "ನೀವೇ ಬರ್ದು ಕೊಟ್ಟಿದ್ದೀರ. ಮೊದಲ ಪುಟದಲ್ಲಿ ಏನು ಬರ್ದಿದೆ ಗೊತ್ತಲ್ಲ?"

"ಗೊತ್ತು ಮೇಡಂ."

"ಮೂರು ತಿಂಗಳಿಂದ ನನ್ನ ಮೇಜಿನ ಮೇಲೆ ಒಂದು ತಕರಾರಿಲ್ಲ ಕಣ್ರಿ. ಮುಂಚೆ ಮೂವರೂ ಕಚ್ಚಾಡೋರು, ನಾನು ಮಧ್ಯೆ ನಿಂತು ಒದ್ದಾಡೋಳು. ಈಗ ಎಲ್ಲಾ ಬೆಣ್ಣೆಯಲ್ಲಿ ಕೂದಲು ತೆಗ್ದ ಹಾಗೆ. ಎಷ್ಟು ಸುಖವಾಗಿದ್ದೆ ಗೊತ್ತಾ? ನನ್ನ ಆಡಳಿತ ಚೆನ್ನಾಗಿದೆ ಅಂತ ತಿಳ್ಕೊಂಡಿದ್ದೆ." ಅವರ ದನಿಯಲ್ಲಿ ನಿಜವಾದ ನೋವಿತ್ತು. "ಆ ಪರವಾನಗಿಗೆ ನನ್ನ ರುಜು ಬೇರೆ ಇದೆ."

ತಿಪ್ಪೇಶ ಅವರತ್ತ ಕುರ್ಚಿ ಸರಿಸಿದ.

"ನಮ್ಮನೇಲಿ ಎರಡು ಬಚ್ಚಲಿವೆ," ಎಂದರು ನೀಲಾಂಬಿಕೆ. "ಎರಡೂ ತಿರುಗಿಸಬೇಕಾ ಅಂತ ಕೇಳೋಕೆ ಬಂದೆ."

ಅವರು ಹೋದ ಮೇಲೂ ತಿಪ್ಪೇಶನಿಗೆ ಅವರು ನಿಜ ಹೇಳಿದರೋ ತನ್ನ ಬಾಯಿ ಬಿಡಿಸಲು ಬಂದಿದ್ದರೋ ತಿಳಿಯಲಿಲ್ಲ. ಮನೆಗೆ ಹೋಗಿ ಅನ್ನ ಕಲಸಿಕೊಂಡು ಕೂತ. ಅವಳಿದ್ದಿದ್ದರೆ ಒಂದು ಚುಚ್ಚುಮಾತು ಬಂದಿರುತ್ತಿತ್ತು. ಆ ನಿಶ್ಶಬ್ದದಲ್ಲಿ ಬಚ್ಚಲಿನ ಕೊಳವೆ ಟಿಕ್ ಎಂದು ಸದ್ದು ಮಾಡಿತು, ಬಿಸಿಗೆ ಹಿಗ್ಗುವ ಲೋಹದ ಸದ್ದು. ಆಮೇಲೆ ಇನ್ನೊಮ್ಮೆ. ಅವನು ತಟ್ಟೆ ಬಿಟ್ಟು ಎದ್ದ.

*

ಭಾನುವಾರ ಒಂಬತ್ತು ಐವತ್ತೆಂಟು. ಪರದೆಯ ಮೂಲೆಯಲ್ಲಿ ವನಜಾಕ್ಷಿಯ ಕೋಣೆಯ ಅಂಕಿ ಹತ್ತೂವರೆ. ತಿಪ್ಪೇಶ ಪರದೆಯ ಮುಂದೆ ಕೂತಿದ್ದ. ಗರಗಸದ ಹಲ್ಲುಗಳು ನಿಧಾನವಾಗಿ, ಸಭ್ಯವಾಗಿ ಸಾಗುತ್ತಿದ್ದವು.

ಹತ್ತು ಗಂಟೆಯಾಯಿತು. ಏನೂ ಆಗಲಿಲ್ಲ.

ಹತ್ತು ಗಂಟೆ ಒಂದು ನಿಮಿಷಕ್ಕೆ ಮೂರು ನಲ್ಲಿ ತೆರೆದವು. ಮೂರೇ. ಅವನು ಮೇಜಿನ ಅಂಚನ್ನು ಹಿಡಿದುಕೊಂಡ. ತಿಂಗಳೂರಿನವರು ಮದುವೆಗಾದರೂ ಹೇಳಿದ ಹೊತ್ತಿಗೆ ಬಂದ ಜನವಲ್ಲ ಎಂಬುದು ಅವನಿಗೆ ಆ ಭಯದಲ್ಲಿ ನೆನಪಾಗಲಿಲ್ಲ. ಹತ್ತೂ ನಾಲ್ಕಕ್ಕೆ ಐದನೇ ಓಣಿ ಇಡಿಯಾಗಿ ತೆರೆಯಿತು. ಆಮೇಲೆ ಎರಡು, ಒಂಬತ್ತು, ಏಳು. ಹತ್ತೂ ಆರಕ್ಕೆ ಕೊಳವೆಗಳಲ್ಲಿ ನೀರು ಗುಡುಗುಟ್ಟುವ ಸದ್ದು ನಿಯಂತ್ರಣ ಕೋಣೆಯ ನೆಲವನ್ನು ನಡುಗಿಸುತ್ತಿತ್ತು. ಹಂಡೆಗೆ ತ‌ಣ್ಣೀರು ಧುಮುಕಿತು. ಮೂವತ್ತೆಂಟು. ಮೂವತ್ತೊಂದು. ಹಲ್ಲುಗಳು ಕದಡಿ, ಮಸುಕಾಗಿ, ಅಳಿಸಿಹೋದವು.

ನಡುಸೊಸೆಗೆ ಎಚ್ಚರವಾಯಿತು. ಒಂದನೇ ಓಣಿಯ ಮುಖ್ಯ ಕವಾಟ ಮುಚ್ಚತೊಡಗಿತು. ಸೋರಿಕೆ ತಡೆಯಲು ಇಟ್ಟ ಹಳೆಯ ಕವಾಟಗಳು; ಒಂದು ಮುಚ್ಚಲು ನಾಲ್ಕು ನಿಮಿಷ, ಒಂದಾದ ಮೇಲೆ ಒಂದು. ಹನ್ನೊಂದು ಓಣಿಗೆ ನಲವತ್ತನಾಲ್ಕು ನಿಮಿಷ. ತಿಪ್ಪೇಶ ಮನಸ್ಸಿನಲ್ಲೇ ಗುರುಪಾದಪ್ಪನ ಜೊತೆ ನಡೆದ.

ಆ ಹೊತ್ತಿಗೆ ಗುರುಪಾದಪ್ಪ ಕಿರಿಸೊಸೆಯ ಮುಂದೆ ಕಾಗದವಿಟ್ಟು ನಿಂತಿದ್ದ. ಅವನೇ ಆಮೇಲೆ ಹೇಳಿದ್ದು: ಯಂತ್ರ ಉತ್ತರ ಕೊಡಲಿಲ್ಲ. ಒಂದು ನಿಮಿಷ ಹೋಯಿತು, ಐದು ಹೋಯಿತು. "ಅವ್ಳು ಯೋಚ್ನೆ ಮಾಡ್ತಿದ್ಲು ಕಣಯ್ಯಾ. ಮೂರು ತಿಂಗ್ಳಾದ್ಮ್ಯಾಗೆ ಮೊದಲ್ನೇ ಸಲ ನನ್ನ ಕಾಯಿಸಿದ್ಲು. ನಂಗೆ ಅಳು ಬಂದ್ಬಿಡ್ತು." ಎಂಟನೇ ನಿಮಿಷಕ್ಕೆ ಹಾಳೆ ಹೊರಬಂತು: 'ಈ ಕ್ಷಣವೇ ಕಾರಣ ತೋರಿಸಿ. ಕಾರಣವಿಲ್ಲದಿದ್ದರೆ ಆಕೆಯನ್ನು ಬಿಡಿ. ತುರ್ತು ತಿದ್ದುಪಡಿ ಅಸಿಂಧು.' ಸ್ವಲ್ಪ ತಡೆದು ಇನ್ನೊಂದು ಸಾಲು ಅಚ್ಚಾಯಿತು: 'ಹಂಡೆಯ ಕೊಳವೆಗಳನ್ನು ಇಂದೇ ಬೇರ್ಪಡಿಸತಕ್ಕದ್ದು.'

ಅಲ್ಲಿಂದ ನಡುಸೊಸೆಯ ಕೋಣೆಗೆ ಹನ್ನೆರಡು ನಿಮಿಷದ ಹಾದಿ. ಸವೆದ ಮೊಣಕಾಲಿಗೆ ಹದಿನೆಂಟು. ಓಲೆಕಾರ ಓಡಕೂಡದು, ಅದು ನಿಯಮ. ಪೇಟೆ ಖಾಲಿಯಾಗಿತ್ತು, ಜನರೆಲ್ಲ ಬಚ್ಚಲಲ್ಲಿದ್ದರು. ಗುರುಪಾದಪ್ಪ ಓಡಲಿಲ್ಲ. ಆದರೆ ಅಷ್ಟು ಬಿರುಸಾಗಿ ನಡೆದದ್ದನ್ನೂ ಯಾರೂ ಹಿಂದೆ ಕಂಡಿರಲಿಲ್ಲ.

ಪರದೆಯ ಮೇಲೆ ಆರನೇ ಓಣಿ ಮುಚ್ಚಿತು. ಏಳು ಮುಚ್ಚಿತು. ಹಂಡೆ ಮತ್ತೆ ಕಾಯತೊಡಗಿತು: ಇಪ್ಪತ್ತೆಂಟು, ಮೂವತ್ತು. ಗೆರೆಯ ಮೇಲೆ ಸಣ್ಣಗೆ, ಹಸುಗೂಸಿನ ಹಲ್ಲಿನ ಹಾಗೆ, ಏನೋ ಮೂಡುವಂತೆ ಕಂಡಿತು. ವನಜಾಕ್ಷಿಯ ಕೋಣೆಯ ಅಂಕಿ ಒಂಬತ್ತೂವರೆ. ತಿಪ್ಪೇಶ ಎದ್ದು ಅವಳ ಕೋಣೆಯತ್ತ ಓಡಿದ.

ಗಾಜಿನಲ್ಲಿ ವನಜಾಕ್ಷಿ ಕಾಣಲಿಲ್ಲ. ನೆಲಕ್ಕೆ ಜಾರಿ ಕೂತಿದ್ದಳು. ಅವನಿಗೆ ಅವಳ ಬೈತಲೆ ಮಾತ್ರ ಕಂಡಿತು. ಅವನು ಕೊಳವೆಯಲ್ಲಿ ಹೆಸರು ಕೂಗಿದ. ಇನ್ನೊಮ್ಮೆ ಕೂಗಿದ. ಬೈತಲೆ ಅಲುಗಲಿಲ್ಲ. ಅವನು ಬಾಗಿಲನ್ನು ಅಂಗೈಯಿಂದ ಬಡಿದ. ಉಕ್ಕಿನ ಬಾಗಿಲು, ತಣ್ಣಗಿತ್ತು.

ಹತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ ಒಳಗೆ ಗಾಳಿ ನುಗ್ಗುವ ಸದ್ದಾಯಿತು. ಆಮೇಲೆ ಬಾಗಿಲು ಸರಿಯಿತು. ನಡುಸೊಸೆ ಕಾಗದವನ್ನು ಓದಿದ್ದಳು. ಕಾರಣ ಯಾವುದೂ ಸಿಕ್ಕಿರಲಿಲ್ಲ. ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

*

ವನಜಾಕ್ಷಿ ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದಳು. ಬಲಗೈಯ ಎರಡು ಬೆರಳಿಗೆ ಸ್ಪರ್ಶ ಪೂರ್ತಿ ಮರಳಲಿಲ್ಲ. ಕೊಳವೆಗಳು ಬೇರ್ಪಟ್ಟವು. ಒಂದು ವಾರ ಕಳೆಯುವಷ್ಟರಲ್ಲಿ ಕಿರಿಸೊಸೆ ಹದಿನಾಲ್ಕು ಕಾಗದಗಳಿಗೆ 'ಇದು ಆಗದು' ಎಂದಳು. ಅದರಲ್ಲಿ ಮೂರಕ್ಕೆ ಹಿರಿಸೊಸೆ ಖಾರವಾಗಿ ಎದುರುತ್ತರ ಬರೆದಳು. ಜನ ಪೇಟೆಯಲ್ಲಿ ನಿಂತು ಆ ಬೈಗುಳಗಳನ್ನು ಜೋರಾಗಿ ಓದಿ ಕೇಳಿಸಿಕೊಂಡರು. ಕೆಲವರು ಬಿಸಿನೀರಿಲ್ಲದ್ದಕ್ಕೆ ತಿಪ್ಪೇಶನನ್ನೂ ಬೈದರು.

ನಡುಸೊಸೆ ದ್ರೋಹದ ಮೊಕದ್ದಮೆ ಹೂಡಿದಳು. ಆರೋಪಿಗಳು ಇಬ್ಬರು: ತಿಪ್ಪೇಶ, ನೀಲಾಂಬಿಕೆ. ಪೇಟೆಯವರ ನಡುವಿನಿಂದ ಚೀಟಿ ಎತ್ತಿ ಹನ್ನೆರಡು ಜನರನ್ನು ಪಂಚರಾಗಿ ಕೂರಿಸಿದರು. ಪ್ರಾಣ ಉಳಿಸಲು ಬರೆದ ಮನವಿಯನ್ನು ಬರೆದವನ ವಿರುದ್ಧ ಸಾಕ್ಷಿಯಾಗಿ ಬಳಸಕೂಡದು ಎಂದು ಕಿರಿಸೊಸೆ ಮೊದಲ ದಿನವೇ ಹೇಳಿಬಿಟ್ಟಳು. ಕೊಳವೆಗಳನ್ನು ತಾಗಿಸಲು ಹೇಳಿದವರು ಯಾರೆಂಬುದಕ್ಕೆ ಉಳಿದ ಸಾಕ್ಷಿ ಪರವಾನಗಿಯ ಹಾಳೆ ಒಂದೇ. ಅದರಲ್ಲಿ ಅಧ್ಯಕ್ಷೆಯ ರುಜು ಇತ್ತು, ತಿಪ್ಪೇಶನದು ಇರಲಿಲ್ಲ.

ಆರೋಪಿಗಳನ್ನು ಪ್ರಶ್ನಿಸುವ ಹಿಂದಿನ ಸಂಜೆ ವನಜಾಕ್ಷಿ ಅವನಿಗೆ ಹೇಳಿದ್ದಳು: "ಬಾಯಿ ಮುಚ್ಕೊಂಡಿರೋ ಹಕ್ಕು ನಿಮಗೈತೆ. ಹತ್ತು ದಿನ ಅದನ್ನ ಬಳಸಬಾರದ ಕಡೆ ಬಳಸಿದ್ರಿ. ನಾಳೆ ಬಳಸಿದ್ರೆ ತಪ್ಪಿಲ್ಲ."

"ಸುಮ್ನಿದ್ರೆ ರುಜು ಹಾಕಿದ ಆವಮ್ಮನ ಮೇಲೆ ಬರ್ತದಲ್ಲ."

ವನಜಾಕ್ಷಿ ಎಡಗೈಯಿಂದ ಬಲಗೈಯ ಬೆರಳು ಉಜ್ಜಿಕೊಳ್ಳುತ್ತ ಕೂತಳು. "ನಾನೇನೂ ಹೇಳಾಕಿಲ್ಲ," ಎಂದಳು ಕೊನೆಗೆ. "ಹೇಳಿದ್ರೆ ಬಾಯಿ ಮುಚ್ಕೊಂಡು ನನ್ ಜೊತೆ ಇರ್ರಿ ಅಂತ ಹೇಳ್ತೀನಿ."

ಕಿರಿಸೊಸೆ ಕೇಳಿದಳು: ಕೊಳವೆಗಳನ್ನು ಹಾಗೆ ತಾಗಿಸುವ ಯೋಜನೆ ಯಾರದು? ಉತ್ತರಿಸದಿರುವ ಹಕ್ಕು ಆರೋಪಿಗಳಿಗಿದೆ. ನೀಲಾಂಬಿಕೆಯವರು ತಲೆ ತಗ್ಗಿಸಿ ಕೂತಿದ್ದರು. ತಿಪ್ಪೇಶ ಎದ್ದು ನಿಂತು, "ನಂದು. ಅವ್ರಿಗೆ ಕೊಳವೆ ಅಂದ್ರೇನು ಅಂತಾನೂ ಗೊತ್ತಿಲ್ಲ," ಎಂದ.

ಪಂಚರು ನಾಲ್ಕು ಗಂಟೆ ಕೂತರು. ನೀಲಾಂಬಿಕೆಯವರನ್ನು ಬಿಟ್ಟರು. ತಿಪ್ಪೇಶನಿಗೆ ಎರಡು ವರ್ಷ ಸೆರೆಯಾಯಿತು.